ಫ್ರಾಂಕ್ ಕುಲೀನನೊಬ್ಬನ ಬದುಕನ್ನು ದಾಖಲೆಗಳಿಂದ ಕಟ್ಟುವ ಬಗೆ

ಒಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಯುರೋಪಿನ ಬಹುಭಾಗವನ್ನು ಆಳುತ್ತಿದ್ದ ಫ್ರಾಂಕ್ ಸಾಮ್ರಾಜ್ಯದಲ್ಲಿ ಬಾಳಿದ ಕುಲೀನನೊಬ್ಬನ ಜೀವನಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ, ಆ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡ ಒಂದು ಸಾಲೂ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಅವನಿಗೆ ಭೂಮಿ ಕೊಟ್ಟ ರಾಜನ ದಾನಪತ್ರ ಉಳಿದಿರುತ್ತದೆ. ಅವನು ಸೋತ ವರ್ಷ ಯಾವುದೋ ಮಠದಲ್ಲಿ ಸನ್ಯಾಸಿಯೊಬ್ಬ ಗೀಚಿಟ್ಟ ಎರಡು ಸಾಲು ಉಳಿದಿರುತ್ತವೆ. ಅವನನ್ನು ಕಂಡರಾಗದವರು ಬರೆದ ನಿಂದೆಯಂತೂ ಧಾರಾಳವಾಗಿ ಉಳಿದಿರುತ್ತದೆ. ಇಂಥ ಚೂರುಗಳನ್ನು ಹೇಗೆ ಜೋಡಿಸಬೇಕು, ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನು ಸೆಪ್ಟಿಮೇನಿಯಾದ (ಇಂದಿನ ಫ್ರಾನ್ಸಿನ ದಕ್ಷಿಣ ಕರಾವಳಿಯ ಪ್ರಾಂತ) ಬರ್ನಾರ್ಡ್ ಎಂಬ ಒಬ್ಬನನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಅವನನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅವನ ಬಗ್ಗೆ ಅವನ ವೈರಿಗಳ ಪಕ್ಷದವರು ಬರೆದಿದ್ದಾರೆ, ಅವನ ರಾಜನ ಸೋದರಸಂಬಂಧಿಯೊಬ್ಬ ಬರೆದಿದ್ದಾನೆ, ಅವನ ಹೆಂಡತಿಯೂ ಬರೆದಿದ್ದಾಳೆ. ಆ ಶತಮಾನದ ಬೇರೆ ಯಾವ ಕುಲೀನನನ್ನೂ ಇಷ್ಟು ದಿಕ್ಕುಗಳಿಂದ ನೋಡುವ ಅವಕಾಶ ನನಗೆ ಸಿಕ್ಕಿಲ್ಲ.

ಯಾವ ಬರ್ನಾರ್ಡ್ ಎಂಬುದನ್ನು ಖಚಿತಪಡಿಸಿಕೊಳ್ಳಿ

ಆ ಕಾಲದ ಫ್ರಾಂಕರಲ್ಲಿ ಮನೆತನದ ಹೆಸರು ಎಂಬುದಿರಲಿಲ್ಲ. ಒಬ್ಬನಿಗೆ ಒಂದೇ ಹೆಸರು, ಅದನ್ನೂ ತಾತನಿಂದಲೋ ಚಿಕ್ಕಪ್ಪನಿಂದಲೋ ತಂದು ಇಡುತ್ತಿದ್ದರು. ಹೀಗಾಗಿ ಅದೇ ನಾಲ್ಕೈದು ಹೆಸರುಗಳು ಒಂದೇ ಕುಲದಲ್ಲಿ ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುತ್ತವೆ. ಕುಲವನ್ನು ಗುರುತಿಸಲು ಇದು ಒಳ್ಳೆಯ ಸುಳಿವಾದರೂ ವ್ಯಕ್ತಿಯನ್ನು ಗುರುತಿಸಲು ದೊಡ್ಡ ಅಡಚಣೆ. 818ರಲ್ಲಿ ಕಣ್ಣು ಕೀಳಿಸಿಕೊಂಡು ಸತ್ತ ಇಟಲಿಯ ರಾಜನೂ ಬರ್ನಾರ್ಡನೇ. 878ರಲ್ಲಿ ಪದವಿ ಕಳೆದುಕೊಂಡ ಗೋಥಿಯಾದ ಅಧಿಪತಿಯೂ ಬರ್ನಾರ್ಡನೇ. ಅದೇ ಕಾಲದಲ್ಲಿ ಓವರ್ನ್ ಪ್ರಾಂತದಲ್ಲಿ ಬಲಾಢ್ಯನಾಗಿದ್ದ, ಅಂಗಾಲಲ್ಲಿ ಕೂದಲಿದ್ದವನು ಎಂಬ ಅಡ್ಡಹೆಸರಿನವನೂ ಬರ್ನಾರ್ಡನೇ. ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಬರಿಯ ಹೆಸರನ್ನು ಎಂದೂ ಬರೆಯಬೇಡಿ. ಹೆಸರಿನ ಜೊತೆಗೆ ತಂದೆ, ಸ್ಥಳ, ವರ್ಷ ಈ ಮೂರನ್ನೂ ಕಟ್ಟಿ ಬರೆಯಿರಿ. ನಮ್ಮ ಬರ್ನಾರ್ಡನು ತುಲೂಸಿನ ಕೌಂಟ್, ಅಂದರೆ ರಾಜನು ನೇಮಿಸಿದ ಪ್ರಾಂತಾಧಿಕಾರಿ, ವಿಲಿಯಮನ ಮಗ. ಈ ವಿಲಿಯಂ 801ರಲ್ಲಿ ಬಾರ್ಸಿಲೋನಾವನ್ನು ಗೆದ್ದ ಮುತ್ತಿಗೆಯಲ್ಲಿ ಇದ್ದವನು, 804ರಲ್ಲಿ ಜೆಲೋನ್ ಎಂಬಲ್ಲಿ ಮಠವನ್ನು ಸ್ಥಾಪಿಸಿ 806ರಲ್ಲಿ ತಾನೇ ಸನ್ಯಾಸಿಯಾದವನು. ಮುಂದಿನ ಶತಮಾನಗಳ ವೀರಗೀತೆಗಳು ಈ ತಂದೆಯನ್ನು ನಾಯಕನನ್ನಾಗಿ ಮಾಡಿಕೊಂಡು ಕಥೆಗಳನ್ನು ಬೆಳೆಸಿದವು. ಆ ಕಥೆಗಳಿಗೆ ಸಾಹಿತ್ಯವಾಗಿ ಬೆಲೆಯುಂಟು. ಮಗನ ಬಾಲ್ಯವನ್ನು ಬರೆಯಲು ಅವುಗಳಿಂದ ಒಂದು ಎಳೆಯನ್ನೂ ತೆಗೆದುಕೊಳ್ಳಬಾರದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸವಿದೆ. ಇದೇ ವಿಲಿಯಂ ಲ್ಯಾಟಿನ್ ಪ್ರತಿಗಳಲ್ಲಿ ಗಿಲೆಲ್ಮುಸ್, ಫ್ರೆಂಚ್ ಪುಸ್ತಕಗಳಲ್ಲಿ ಗಿಯೋಮ್, ಜರ್ಮನ್ ಪುಸ್ತಕಗಳಲ್ಲಿ ವಿಲ್‌ಹೆಲ್ಮ್ ಆಗಿ ಕಾಣಿಸಿಕೊಳ್ಳುತ್ತಾನೆ. ಒಂದು ರೂಪವನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಿ, ಉಳಿದ ರೂಪಗಳನ್ನು ನಿಮ್ಮ ಟಿಪ್ಪಣಿಯಲ್ಲಿ ಒಂದೆಡೆ ಬರೆದಿಟ್ಟುಕೊಳ್ಳಿ. ಹೀಗೆ ಮಾಡದಿದ್ದರೆ ಒಬ್ಬನೇ ವ್ಯಕ್ತಿ ನಿಮ್ಮ ಬರಹದಲ್ಲಿ ಇಬ್ಬರಾಗಿಬಿಡುತ್ತಾನೆ.

ದಿನಾಂಕಗಳ ಹಾಳೆ

ಓದಲು ಆರಂಭಿಸುವ ಮುನ್ನವೇ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಘಟನೆ ನಡೆದ ದಿನ, ನಡೆದ ಊರು, ಅದನ್ನು ಬರೆದವರು, ಅವರು ಅದನ್ನು ಬರೆದ ವರ್ಷ. ನಾಲ್ಕನೆಯ ಕಾಲಂ ಬಹುಮುಖ್ಯ. ಹೆಚ್ಚಿನವರು ಅದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಇಪ್ಪತ್ತು ವರ್ಷ ಕಳೆದ ಮೇಲೆ ಬರೆದ ಮಾತನ್ನು ಕಣ್ಣಾರೆ ಕಂಡ ಮಾತಿನಂತೆ ಉಪಯೋಗಿಸುತ್ತಾರೆ.

ಆ ಕಾಲದವರು ನಮ್ಮಂತೆ ತಾರೀಕು ಹಾಕುತ್ತಿರಲಿಲ್ಲವಾದ್ದರಿಂದ ಲೆಕ್ಕವನ್ನು ನೀವೇ ಮಾಡಬೇಕಾಗುತ್ತದೆ. ಬರ್ನಾರ್ಡನ ಹೆಂಡತಿ ದುವೋಡಾ ತನ್ನ ಮದುವೆಯನ್ನು ಹೀಗೆ ಗುರುತಿಸುತ್ತಾಳೆ: ಲೂಯಿ ಚಕ್ರವರ್ತಿಯ ಆಳ್ವಿಕೆಯ ಹನ್ನೊಂದನೆಯ ವರ್ಷ, ಜುಲೈ ತಿಂಗಳ ಕಲೆಂಡೆಗೆ ಮೂರನೆಯ ದಿನ, ಆಖೆನ್ ಅರಮನೆಯಲ್ಲಿ. ಲೂಯಿಯ ತಂದೆ ಶಾರ್ಲಮೇನ್ ತೀರಿಕೊಂಡದ್ದು 814ರ ಜನವರಿ 28ರಂದು. ಅಲ್ಲಿಂದ ಎಣಿಸಿದರೆ ಹನ್ನೊಂದನೆಯ ವರ್ಷ 824ರ ಜನವರಿ ಕೊನೆಯಲ್ಲಿ ಆರಂಭವಾಗುತ್ತದೆ. ಕಲೆಂಡೆ ಎಂದರೆ ತಿಂಗಳ ಮೊದಲ ದಿನ. ರೋಮನ್ ಪದ್ಧತಿಯಲ್ಲಿ ಹಿಂದಕ್ಕೆ ಎಣಿಸುವಾಗ ಆ ದಿನವನ್ನೂ ಸೇರಿಸಿಕೊಳ್ಳಬೇಕು: ಜುಲೈ 1 ಒಂದು, ಜೂನ್ 30 ಎರಡು, ಜೂನ್ 29 ಮೂರು. ಹಾಗಾಗಿ ಮದುವೆಯಾದದ್ದು 824ರ ಜೂನ್ 29. ಅವರ ಹಿರಿಯ ಮಗ ವಿಲಿಯಂ ಹುಟ್ಟಿದ್ದು ಅದೇ ಲೆಕ್ಕದಲ್ಲಿ 826ರ ನವೆಂಬರ್ 29. ಈ ಒಂದು ದಿನಾಂಕ ಸಿಕ್ಕಿದ ಮೇಲೆ, 841ರ ಜೂನ್ 25ರಂದು, ಲೂಯಿ ಸತ್ತ ಮೇಲೆ ಅವನ ಮಕ್ಕಳು ರಾಜ್ಯಕ್ಕಾಗಿ ತಮ್ಮತಮ್ಮಲ್ಲೇ ಹೋರಾಡಿದ ಫಾಂತೆನ್ವಾ ಕದನ ನಡೆದಾಗ ಆ ಹುಡುಗನಿಗೆ ಹದಿನೈದು ಕೂಡ ತುಂಬಿರಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಆ ಕದನದ ನಂತರ ನಡೆದದ್ದನ್ನು ಓದುವಾಗ ಈ ವಯಸ್ಸನ್ನು ಮರೆಯಬಾರದು.

ಬರ್ನಾರ್ಡನ ಸಾಲುಗಳನ್ನು ತುಂಬುತ್ತಾ ಹೋದರೆ ಹಾಳೆ ತಾನೇ ಮಾತಾಡತೊಡಗುತ್ತದೆ. 826ರಲ್ಲಿ ಅವನು ಬಾರ್ಸಿಲೋನಾದ ಕೌಂಟ್ ಆಗುತ್ತಾನೆ. ಅದೇ ವರ್ಷ ಐಜೋ ಎಂಬವನು ಅರಮನೆಯಿಂದ ತಪ್ಪಿಸಿಕೊಂಡು ಹೋಗಿ ಗಡಿಯಲ್ಲಿ ದಂಗೆ ಎಬ್ಬಿಸಿ ಕೊರ್ದೋಬಾದ ಅಮೀರನ ನೆರವು ಬೇಡುತ್ತಾನೆ. 827ರಲ್ಲಿ ಅಲ್ಲಿಂದ ಬಂದ ಸೈನ್ಯ ಬಾರ್ಸಿಲೋನಾ ಮತ್ತು ಜಿರೋನಾ ಸುತ್ತಲಿನ ನಾಡನ್ನು ಕೊಳ್ಳೆ ಹೊಡೆಯುತ್ತದೆ. ನೆರವಿಗೆ ಹೊರಟ ಫ್ರಾಂಕ್ ಸೈನ್ಯ ತಡವಾಗಿ ತಲುಪುತ್ತದೆ. ಆ ಸೈನ್ಯದ ಹೊಣೆ ಹೊತ್ತಿದ್ದ ತೂರ್ಸಿನ ಹ್ಯೂ ಮತ್ತು ಓರ್ಲಿಯಾನ್ಸಿನ ಮತ್‌ಫ್ರಿಡ್ ಎಂಬ ಇಬ್ಬರು ಹಿರಿಯ ಕೌಂಟ್‌ಗಳನ್ನು 828ರ ಫೆಬ್ರವರಿಯಲ್ಲಿ ಪದವಿಯಿಂದ ಕಿತ್ತುಹಾಕುತ್ತಾರೆ. ಇವರಲ್ಲಿ ಹ್ಯೂ ಚಕ್ರವರ್ತಿಯ ಹಿರಿಯ ಮಗ ಲೋಥಾರನ ಮಾವ. 829ರ ಆಗಸ್ಟ್‌ನಲ್ಲಿ ವರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯು ಬರ್ನಾರ್ಡನನ್ನು ಅರಮನೆಯ ಭಂಡಾರದ ಮುಖ್ಯಾಧಿಕಾರಿಯನ್ನಾಗಿ ನೇಮಿಸಿ, ಆರು ವರ್ಷದ ಕಿರಿಯ ಮಗ ಚಾರ್ಲ್ಸನ ಪಾಲನೆಯನ್ನೂ ಅವನಿಗೆ ಒಪ್ಪಿಸುತ್ತಾನೆ. 830ರ ವಸಂತದಲ್ಲಿ ಚಕ್ರವರ್ತಿಯ ವಿರುದ್ಧ ದಂಗೆ. ಬರ್ನಾರ್ಡ್ ಬಾರ್ಸಿಲೋನಾಕ್ಕೆ ಓಡುತ್ತಾನೆ, ಚಕ್ರವರ್ತಿಯ ಹೆಂಡತಿ, ಚಾರ್ಲ್ಸನ ತಾಯಿ ಮಹಾರಾಣಿ ಜೂಡಿತಳನ್ನು ಪೊಯಿಟಿಯೇ ನಗರದ ಮಠಕ್ಕೆ ಅಟ್ಟುತ್ತಾರೆ, ಬರ್ನಾರ್ಡನ ತಮ್ಮನೋ ಅಣ್ಣನೋ ಆದ ಹೆರಿಬರ್ಟನ ಕಣ್ಣು ಕೀಳುತ್ತಾರೆ. ಮೂರು ವರ್ಷಗಳ ಈ ಸಾಲನ್ನು ಮೇಲಿನಿಂದ ಕೆಳಗೆ ಓದಿದವರಿಗೆ, ರಾಣಿಗೂ ಬರ್ನಾರ್ಡನಿಗೂ ಸಂಬಂಧವಿತ್ತೆಂದು ವೈರಿಗಳು ಹೊರಿಸಿದ ಆರೋಪವೊಂದೇ ದಂಗೆಗೆ ಕಾರಣವೆಂದು ನಂಬುವುದು ಕಷ್ಟವಾಗುತ್ತದೆ.

ಬರೆದವರು ಯಾರ ಕಡೆಯವರು

ಈ ಹಂತಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜೂಡಿತ್ ಮತ್ತು ಬರ್ನಾರ್ಡರ ನಡುವೆ ಅನೈತಿಕ ಸಂಬಂಧವಿತ್ತು ಎಂಬ ಆರೋಪವನ್ನು ಇಂದಿಗೂ ಹಲವರು ಸಿದ್ಧ ಸಂಗತಿ ಎಂಬಂತೆ ಬರೆದುಬಿಡುತ್ತಾರೆ. ಹಾಗೆ ಬರೆಯುವ ಮೊದಲು, ಆರೋಪ ಯಾವ ಯಾವ ಬಾಯಲ್ಲಿ ಹೇಗೆ ಹೊರಟಿದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಲೂಯಿ ಚಕ್ರವರ್ತಿಯ ಚರಿತ್ರೆಯನ್ನು ಬರೆದ ಥೇಗನ್ ಚಕ್ರವರ್ತಿಯ ಪಕ್ಷದವನು. ದಂಗೆಯ ಏಳೆಂಟು ವರ್ಷಗಳೊಳಗೆ ಬರೆದವನು. ಬರ್ನಾರ್ಡ್ ರಾಜವಂಶಕ್ಕೆ ಸೇರಿದವನು, ದೀಕ್ಷಾಸ್ನಾನದಲ್ಲಿ ಚಕ್ರವರ್ತಿಯೇ ಅವನಿಗೆ ಧರ್ಮಪಿತನಾಗಿ ನಿಂತಿದ್ದ ಎಂದು ಅವನು ಹೇಳುತ್ತಾನೆ. ಆರೋಪಿಸಿದವರು ಹೇಳಿದ್ದೆಲ್ಲ ಸುಳ್ಳು ಎನ್ನುತ್ತಾನೆ. ಇನ್ನೊಂದು ಕಡೆ ಪಾಸ್ಕಾಸಿಯುಸ್ ರಾಡ್‌ಬೆರ್ಟುಸ್ ಎಂಬ ಸನ್ಯಾಸಿ. ಅವನ ಗುರು ವಾಲಾ ದಂಗೆಕೋರರ ಜೊತೆಗಿದ್ದು ಅದಕ್ಕಾಗಿ ಗಡೀಪಾರಾದವನು. ಗುರುವಿನ ಚರಿತ್ರೆಯ ಎರಡನೆಯ ಭಾಗವನ್ನು ರಾಡ್‌ಬೆರ್ಟುಸ್ 850ರ ದಶಕದಲ್ಲಿ, ಅಂದರೆ ಬರ್ನಾರ್ಡ್ ಸತ್ತ ಮೇಲೆ, ಎಲ್ಲರಿಗೂ ಗುಪ್ತನಾಮ ಕೊಟ್ಟು ಬರೆದ. ಅದರಲ್ಲಿ ಜೂಡಿತ್ ಜಸ್ಟಿನಾ ಆಗಿದ್ದಾಳೆ, ಬರ್ನಾರ್ಡ್ ದೊಡ್ಡ ಮೂಗಿನವನು ಎಂಬರ್ಥದ ನಾಸೋ ಆಗಿದ್ದಾನೆ. ಅರಮನೆ ಮಾಟಗಾರರ ಗೂಡಾಯಿತು, ಹಾದರದ ಮನೆಯಾಯಿತು ಎಂಬ ಧಾಟಿಯ ಬರವಣಿಗೆ ಅದು. ಮೂರನೆಯವನು ನಿಥಾರ್ಡ್. ಶಾರ್ಲಮೇನನ ಮಗಳು ಬೆರ್ಥಾಳ ಮಗ, ಚಾರ್ಲ್ಸನ ಪರವಾಗಿ ಫಾಂತೆನ್ವಾದಲ್ಲಿ ಕಾದಾಡಿದವನು, ಚಾರ್ಲ್ಸನ ಅಪ್ಪಣೆಯಂತೆ ಆ ವರ್ಷಗಳ ಇತಿಹಾಸವನ್ನು ಬರೆದವನು. ಅವನು ಹಾದರದ ಮಾತನ್ನು ಎತ್ತುವುದೇ ಇಲ್ಲ. ಅವನ ದೂರು ಬೇರೆ: ಚಕ್ರವರ್ತಿ ತನ್ನ ನಂತರದ ಸ್ಥಾನವನ್ನೇ ಬರ್ನಾರ್ಡನಿಗೆ ಕೊಟ್ಟ, ಬರ್ನಾರ್ಡ್ ಮುಂದಾಲೋಚನೆಯಿಲ್ಲದೆ ಅಧಿಕಾರವನ್ನು ದುರುಪಯೋಗಪಡಿಸಿ, ಗಟ್ಟಿಮಾಡಬೇಕಿದ್ದ ರಾಜ್ಯವನ್ನು ಬುಡಮೇಲು ಮಾಡಿದ.

ಇವುಗಳ ಜೊತೆಗೆ ಇನ್ನೊಂದು ದಾಖಲೆಯನ್ನು ತಂದಿಡಬೇಕು. ರೀಮ್ಸ್ ನಗರದ ಆರ್ಚ್‌ಬಿಷಪ್ ಹಿಂಕ್ಮಾರ್ 882ರಲ್ಲಿ ಅರಮನೆಯ ಆಡಳಿತ ಕ್ರಮವನ್ನು ವಿವರಿಸುವಾಗ, ಅರಮನೆಯ ಒಳಗಿನ ವ್ಯವಸ್ಥೆ ಮತ್ತು ಯೋಧರಿಗೆ ವರ್ಷವರ್ಷ ಕೊಡಬೇಕಾದ ಉಡುಗೊರೆಗಳ ಜವಾಬ್ದಾರಿ ರಾಣಿಯದು, ಅವಳ ಕೈಕೆಳಗೆ ಭಂಡಾರಾಧಿಕಾರಿಯದು ಎಂದು ಹೇಳುತ್ತಾನೆ. ಅಂದರೆ ರಾಣಿಯೂ ಭಂಡಾರಾಧಿಕಾರಿಯೂ ದಿನನಿತ್ಯ ಕೂಡಿ ಕೆಲಸ ಮಾಡುವುದು ಆ ಹುದ್ದೆಯ ಸಹಜ ನಡೆ. ಯಾರಿಗೆ ಏನು ಕೊಡಬೇಕೆಂಬುದು ಅವರಿಬ್ಬರ ಕೈಯಲ್ಲಿದ್ದಾಗ, ಕೈತಪ್ಪಿದವರಿಗೆ ಆ ಒಡನಾಟವೇ ಕಣ್ಣಿಗೆ ಚುಚ್ಚಿರಬೇಕು. ಇದು ನನ್ನ ಊಹೆ, ಮತ್ತು ಊಹೆ ಎಂದೇ ಬರೆಯಬೇಕಾದದ್ದು. ಇಬ್ಬರ ನಡುವೆ ನಿಜವಾಗಿ ಏನಿತ್ತು ಎಂಬುದನ್ನು ಯಾವ ದಾಖಲೆಯೂ ತೀರ್ಮಾನಿಸುವುದಿಲ್ಲ. ಜೀವನಚರಿತ್ರೆ ಬರೆಯುವವರೂ ತೀರ್ಮಾನಿಸಬಾರದು. ದಾಖಲೆಗಳ ಆಧಾರದಿಂದ ಹೇಳಬಹುದಾದದ್ದು ಇಷ್ಟು: 831ರ ಫೆಬ್ರವರಿಯಲ್ಲಿ ಜೂಡಿತ್ ಆಖೆನ್‌ನಲ್ಲಿ ಪ್ರಮಾಣ ಮಾಡಿ ಆರೋಪದಿಂದ ಬಿಡುಗಡೆ ಪಡೆದಳು, ಅದೇ ವರ್ಷದ ಶರತ್ಕಾಲದಲ್ಲಿ ಥಿಯೋನ್‌ವಿಲ್ ಎಂಬಲ್ಲಿ ಬರ್ನಾರ್ಡ್ ಚಕ್ರವರ್ತಿಯ ಮುಂದೆ ಬಂದು, ಆರೋಪಿಸಿದವನು ಯಾರೇ ಆಗಲಿ ಆಯುಧ ಹಿಡಿದು ಎದುರಿಗೆ ಬರಲಿ ಎಂದು ದ್ವಂದ್ವಕ್ಕೆ ಕರೆದ, ಯಾರೂ ಬರಲಿಲ್ಲ, ಆಮೇಲೆ ಅವನೂ ಪ್ರಮಾಣ ಮಾಡಿದ. ಆರೋಪದ ಬಗ್ಗೆ ಎರಡು ಪುಟ ಬರೆದು ಈ ದ್ವಂದ್ವದ ಕರೆಯನ್ನು ಬಿಟ್ಟುಬಿಡುವ ಬರಹಗಳನ್ನು ನಾನು ಓದಿದ್ದೇನೆ. ಅದು ಸತ್ತವನಿಗೆ ಮಾಡುವ ಅನ್ಯಾಯ.

ಪದವಿ ಬೇರೆ, ಮನೆಯ ಭೂಮಿ ಬೇರೆ

ಕುಲೀನನ ಸಂಪತ್ತನ್ನು ವಿವರಿಸುವಾಗ ಎರಡು ಬಗೆಯ ಭೂಮಿಯನ್ನು ಬೆರೆಸಬೇಡಿ. ಪಿತ್ರಾರ್ಜಿತವಾಗಿ ಬಂದದ್ದು ಒಂದು. ರಾಜನ ಸೇವೆಗೆ ಪ್ರತಿಯಾಗಿ ಹುದ್ದೆಯೊಡನೆ ಬಂದು, ಹುದ್ದೆಯೊಡನೆ ಹೋಗುವುದು ಇನ್ನೊಂದು. ಇದನ್ನು ಆ ಕಾಲದ ಲ್ಯಾಟಿನ್‌ನಲ್ಲಿ ಹೊನೋರೆಸ್ ಎನ್ನುತ್ತಾರೆ. ಕನ್ನಡದಲ್ಲಿ ಉಂಬಳಿ ಎಂಬ ಮಾತು ಎರಡನೆಯದಕ್ಕೆ ಸಾಕಷ್ಟು ಹೊಂದುತ್ತದೆ. ಆದರೆ ಹೊನೋರೆಸ್ ಎಂಬುದರಲ್ಲಿ ಭೂಮಿಯೂ ಅಧಿಕಾರವೂ ಗೌರವವೂ ಒಟ್ಟಿಗೆ ಅಡಗಿವೆ ಎಂಬುದನ್ನು ಮೊದಲ ಸಲ ಬಳಸುವಾಗ ಓದುಗರಿಗೆ ತಿಳಿಸಿ. ಕೌಂಟ್ ಎಂಬುದನ್ನು ಸಾಮಂತ ಎಂದು ಅನುವಾದಿಸುವುದು ಸರಿಯಲ್ಲ. ಸಾಮಂತನಿಗೆ ತನ್ನದೇ ಸಿಂಹಾಸನವಿರುತ್ತದೆ; ಕೌಂಟ್ ರಾಜನು ನೇಮಿಸಿದ, ರಾಜನು ತೆಗೆಯಬಹುದಾದ ಅಧಿಕಾರಿ. ಅವನು ತನ್ನ ಪ್ರಾಂತದಲ್ಲಿ ನ್ಯಾಯಸಭೆ ನಡೆಸುತ್ತಾನೆ, ವಸೂಲಾದ ದಂಡದಲ್ಲಿ ಮೂರನೆಯ ಒಂದು ಪಾಲನ್ನು ತಾನು ಇಟ್ಟುಕೊಳ್ಳುತ್ತಾನೆ, ಕರೆ ಬಂದಾಗ ಸೈನ್ಯ ಕೂಡಿಸಿಕೊಂಡು ಹೊರಡುತ್ತಾನೆ. ನ್ಯಾಯ ಹೇಳುವವರು ಊಟಕ್ಕೆ ಮೊದಲೇ, ಹೊಟ್ಟೆ ಖಾಲಿಯಿರುವಾಗಲೇ ವ್ಯಾಜ್ಯಗಳನ್ನು ಕೇಳಬೇಕೆಂದು 789ರ ರಾಜಾಜ್ಞೆಯೊಂದು ವಿಧಿಸಿದೆ. ಕುಡಿದು ಕೂತವರಿಂದ ಜನ ಎಷ್ಟು ನೊಂದಿರಬೇಕು ಎಂಬುದನ್ನು ಈ ಒಂದು ಸಾಲು ತೋರಿಸಿಕೊಡುತ್ತದೆ.

832ರಲ್ಲಿ ಬರ್ನಾರ್ಡ್ ತನ್ನ ಹೊನೋರೆಸ್ ಕಳೆದುಕೊಂಡ. ಚಕ್ರವರ್ತಿಯ ಮಗ ಪಿಪಿನ್ ಎಂಬವನ ಜೊತೆ ಸೇರಿ ದ್ರೋಹ ಬಗೆದ ಎಂಬುದು ಕಾರಣ. ತುಲೂಸಿನ ಬೆರೆಂಗಾರ್ ಆ ಜಾಗಕ್ಕೆ ಬಂದ. 835ರಲ್ಲಿ ಅವನು ಸತ್ತ ಮೇಲೆ ಬರ್ನಾರ್ಡ್ ಮತ್ತೆ ಅಲ್ಲಿ ಬೇರೂರಿದ. ಇಂಥ ಏರಿಳಿತಗಳನ್ನು ಬರೆಯುವಾಗ ಎಲ್ಲವನ್ನೂ ಕಳೆದುಕೊಂಡ ಎನ್ನಬೇಡಿ. ಹುದ್ದೆ ಹೋಯಿತು, ಮನೆಯ ಭೂಮಿ, ನಂಟರು, ಅವನನ್ನು ನಂಬಿದ ಆಳುಕಾಳುಗಳು ಉಳಿದವು, ಮರಳಿ ತಲೆಯೆತ್ತಲು ಅದೇ ಆಸರೆ.

ಕೈಯಲ್ಲಿ ಹಿಡಿಯುವ ವಸ್ತುಗಳು

ಬರ್ನಾರ್ಡನ ಖಡ್ಗವಾಗಲಿ ಬಟ್ಟೆಯಾಗಲಿ ನಮಗೆ ಸಿಕ್ಕಿಲ್ಲ, ಅವನ ಉಯಿಲೂ ಇಲ್ಲ. ಇಂಥ ಕಡೆ ಅವನ ಸಮಾನರ ದಾಖಲೆಗಳನ್ನು ಬಳಸಬಹುದು, ಆದರೆ ಅವು ಬೇರೆಯವರವು ಎಂದು ಸ್ಪಷ್ಟವಾಗಿ ಹೇಳಿ ಬಳಸಬೇಕು. ರಿಪುವಾರಿಯನ್ ಫ್ರಾಂಕರ ಕಾನೂನಿನಲ್ಲಿ ದಂಡವನ್ನು ವಸ್ತುರೂಪದಲ್ಲಿ ಕಟ್ಟುವವರಿಗಾಗಿ ಒಂದು ಬೆಲೆಪಟ್ಟಿಯಿದೆ. ಲೋಹದ ಕವಚಕ್ಕೆ 12 ಸಾಲಿಡುಸ್ (ಆ ಕಾಲದ ಹಣದ ಎಣಿಕೆ), ಶಿರಸ್ತ್ರಾಣಕ್ಕೆ 6, ಒರೆಯಿರುವ ಖಡ್ಗಕ್ಕೆ 7, ಕಾಲಿನ ರಕ್ಷೆಗೆ 6, ಗುರಾಣಿ ಮತ್ತು ಭರ್ಜಿಗೆ ಸೇರಿ 2, ಒಟ್ಟು 33. ಅದೇ ಪಟ್ಟಿಯಲ್ಲಿ ಒಳ್ಳೆಯ ಎತ್ತಿಗೆ 2 ಸಾಲಿಡುಸ್. ಎಂದರೆ ಒಬ್ಬ ಯೋಧನನ್ನು ತಲೆಯಿಂದ ಕಾಲಿನವರೆಗೆ ಸಜ್ಜುಗೊಳಿಸುವ ಖರ್ಚಿನಲ್ಲಿ, ಕುದುರೆಯನ್ನು ಬಿಟ್ಟೇ, ಹದಿನಾರು ಎತ್ತುಗಳನ್ನು ಕೊಳ್ಳಬಹುದಾಗಿತ್ತು. 805ರ ರಾಜಾಜ್ಞೆಯ ಪ್ರಕಾರ ಹನ್ನೆರಡು ರೈತ ಹಿಡುವಳಿಗಳನ್ನು ಹೊಂದಿದವನು ಕವಚ ತೊಟ್ಟೇ ಯುದ್ಧಕ್ಕೆ ಬರಬೇಕಿತ್ತು. ಕುಲೀನನ ಹಿಂದೆ ಬರುತ್ತಿದ್ದ ಸವಾರರನ್ನು ವರ್ಣಿಸುವ ಮೊದಲು ಈ ಲೆಕ್ಕವನ್ನು ಓದುಗರ ಮುಂದಿಟ್ಟರೆ, ಆ ಕವಚಗಳ ಹಿಂದೆ ಎಷ್ಟು ಉಳುಮೆಯ ನೆಲ ಇತ್ತೆಂಬುದು ತಿಳಿಯುತ್ತದೆ.

ಮನೆಯೊಳಗಿನ ವಸ್ತುಗಳಿಗೆ ಫ್ರಿಯುಲಿಯ ಎಬರ್‌ಹಾರ್ಡ್ ಮತ್ತು ಅವನ ಹೆಂಡತಿ ಗಿಸೇಲಾ 860ರ ದಶಕದಲ್ಲಿ ಬರೆಸಿದ ಉಯಿಲನ್ನು ನೋಡಿ. ಗಿಸೇಲಾ ಲೂಯಿ ಚಕ್ರವರ್ತಿಯ ಮಗಳು. ಅವರು ಮಕ್ಕಳಿಗೆ ಭೂಮಿಯ ಜೊತೆಗೆ ಚಿನ್ನದ ಹಿಡಿಯ ಖಡ್ಗಗಳನ್ನು, ಪೂಜಾಮಂದಿರದ ಪಾತ್ರೆಗಳನ್ನು, ಪುಸ್ತಕಗಳನ್ನು ಒಂದೊಂದಾಗಿ ಹೆಸರಿಸಿ ಹಂಚಿದ್ದಾರೆ. ಕೀರ್ತನೆಗಳ ಪುಸ್ತಕ, ಯುದ್ಧಶಾಸ್ತ್ರದ ಪುಸ್ತಕ, ಫ್ರಾಂಕರದೂ ಲೊಂಬಾರ್ಡರದೂ ಬವೇರಿಯನ್ನರದೂ ಸೇರಿ ಹಲವು ಜನಾಂಗಗಳ ಕಾನೂನುಗಳು ಅದರಲ್ಲಿವೆ. ಹೆಣ್ಣುಮಕ್ಕಳಿಗೂ ಪುಸ್ತಕ ಕೊಟ್ಟಿದ್ದಾರೆ. ಕುಲೀನನೆಂದರೆ ಕತ್ತಿ ಬೀಸುವ ಅನಕ್ಷರಸ್ಥ ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಈ ಒಂದು ಉಯಿಲು ಅದನ್ನು ತಿದ್ದುತ್ತದೆ.

ಹೆಂಡತಿಯ ಪುಸ್ತಕವನ್ನು ಓದುವ ರೀತಿ

ದುವೋಡಾ ಉಜೆಸ್ ಎಂಬ ಊರಿನಲ್ಲಿ, ಗಂಡನಿಂದಲೂ ಮಕ್ಕಳಿಂದಲೂ ದೂರವಾಗಿ ಕೂತು, ಹಿರಿಯ ಮಗನಿಗಾಗಿ ಒಂದು ಕೈಪಿಡಿಯನ್ನು ಬರೆದಳು. ಶುರುಮಾಡಿದ್ದು 841ರ ನವೆಂಬರ್ 30, ಮಗನಿಗೆ ಹದಿನೈದು ತುಂಬಿದ ಮರುದಿನ. ಮುಗಿಸಿದ್ದು 843ರ ಫೆಬ್ರವರಿ 2. ಈ ಪುಸ್ತಕವನ್ನು ಭಕ್ತಿಬೋಧೆಯೆಂದು ಪಕ್ಕಕ್ಕಿಡಬೇಡಿ. ಬರ್ನಾರ್ಡನ ಬದುಕಿನ ಕೆಲವು ಸಂಗತಿಗಳು ಇನ್ನೆಲ್ಲಿಯೂ ಇಲ್ಲ.

ಪುಸ್ತಕದ ಕೊನೆಯ ಭಾಗದಲ್ಲಿ ಅವಳು ತನ್ನ ಸಾಲದ ವಿಷಯ ಹೇಳುತ್ತಾಳೆ. ಗಡಿನಾಡಿನಲ್ಲೂ ಬೇರೆ ಕಡೆಗಳಲ್ಲೂ ತನ್ನ ಒಡೆಯ ಬರ್ನಾರ್ಡನ ಕೆಲಸಕ್ಕೆ ಕುಂದಾಗದಿರಲೆಂದು, ಇತರರು ಮಾಡುವಂತೆ ಅವನು ತನ್ನನ್ನೂ ಮಗನನ್ನೂ ತೊರೆದುಬಿಡದಿರಲೆಂದು, ತಾನು ಕ್ರೈಸ್ತರಿಂದಲೂ ಯಹೂದಿಗಳಿಂದಲೂ ಹಣ ತಂದಿದ್ದೇನೆ, ಸಾಧ್ಯವಾದಷ್ಟು ತೀರಿಸಿದ್ದೇನೆ, ತಾನು ಸತ್ತ ಮೇಲೆ ಏನಾದರೂ ಉಳಿದಿದ್ದರೆ ಸಾಲ ಕೊಟ್ಟವರನ್ನು ಹುಡುಕಿ ತೀರಿಸು ಎಂದು ಮಗನನ್ನು ಬೇಡಿಕೊಳ್ಳುತ್ತಾಳೆ. ಈ ಮಾತನ್ನು ಎಷ್ಟು ಸಲ ಓದಿದರೂ ನನಗೆ ಕಣ್ಣು ಮುಂದಕ್ಕೆ ಸರಿಯುವುದಿಲ್ಲ. ಬರ್ನಾರ್ಡನ ಆಡಳಿತ ನಡೆದದ್ದು ಸ್ವಲ್ಪ ಮಟ್ಟಿಗಾದರೂ ಹೆಂಡತಿ ಎತ್ತಿದ ಸಾಲದಿಂದ ಎಂಬುದು ಇದರಲ್ಲಿದೆ; ಗಂಡ ಕೈಬಿಟ್ಟಾನೆಂಬ ಅವಳ ಭಯವೂ ಇದರಲ್ಲಿದೆ. ಹಾಗಿದ್ದೂ ಅದೇ ಪುಸ್ತಕದಲ್ಲಿ ಅವಳು ಮಗನಿಗೆ ಎಲ್ಲರಿಗಿಂತ ಮೊದಲು ತಂದೆಯನ್ನು ಗೌರವಿಸು, ವಿಧೇಯನಾಗಿರು ಎಂದು ಬೋಧಿಸುತ್ತಾಳೆ. ಈ ಎರಡನ್ನೂ ಒಟ್ಟಿಗೆ ಬರೆಯಿರಿ. ಒಂದನ್ನು ಹೇಳಿ ಇನ್ನೊಂದನ್ನು ಮರೆಸಿದರೆ ದುವೋಡಾ ಬರಿಯ ದುಃಖಿನಿಯೋ ಬರಿಯ ಪತಿವ್ರತೆಯೋ ಆಗಿಬಿಡುತ್ತಾಳೆ.

ಮತ್ತೆ, ತೀರಿಹೋದ ನಂಟರಿಗಾಗಿ ಮಗ ಪ್ರಾರ್ಥಿಸಬೇಕೆಂದು ಅವಳು ಕೊಟ್ಟ ಪಟ್ಟಿ. ಎಂಟೇ ಹೆಸರು: ವಿಲಿಯಂ, ಕುನಿಗುಂಡ್, ಗೆರ್‌ಬೆರ್ಗಾ, ವಿಟ್‌ಬುರ್ಗ್, ಥಿಯೋಡೆರಿಕ್, ಗೋಟ್ಸೆಲ್ಮ್, ಗುವಾರ್ನರ್, ರೋಟ್‌ಲಿಂಡ್. ವಿವರಣೆಯಿಲ್ಲದ ಈ ಹೆಸರುಗಳನ್ನು ನಿಮ್ಮ ದಿನಾಂಕದ ಹಾಳೆಯ ಪಕ್ಕದಲ್ಲಿಡಿ. 834ರಲ್ಲಿ ಲೋಥಾರ್ ಸೋನ್ ನದಿಯ ದಡದ ಶಾಲೋ ನಗರವನ್ನು ಹಿಡಿದು ಸುಟ್ಟಾಗ, ಬರ್ನಾರ್ಡನ ಸೋದರ ಗೋಟ್ಸೆಲ್ಮನ ತಲೆ ಕಡಿಸಿದ. ಸನ್ಯಾಸಿನಿಯಾಗಿದ್ದ ಸೋದರಿ ಗೆರ್‌ಬೆರ್ಗಾಳನ್ನು ಮಾಟಗಾತಿ ಎಂದು ಪೀಪಾಯಿಯೊಳಗಿಟ್ಟು ನದಿಗೆ ಎಸೆಸಿದ. ಕಥೆಗಾರರು ವಿಸ್ತರಿಸಿ ಹೇಳಿದ ಆ ಎರಡು ಕೊಲೆಗಳು ದುವೋಡಾಳ ಪುಟದಲ್ಲಿ ಎರಡು ಹೆಸರುಗಳಾಗಿ ಮಾತ್ರ ನಿಂತಿವೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನೂ ಗಮನಿಸಿ. 830ರಲ್ಲಿ ಕಣ್ಣು ಕಳೆದುಕೊಂಡ ಸೋದರನ ಹೆಸರು ಸತ್ತವರಲ್ಲಿಲ್ಲ. ಅವನನ್ನು ಮುಂದೆ ತೀರಿಕೊಂಡರೆ ಸೇರಿಸಿಕೊಳ್ಳಬೇಕಾದವನು ಎಂದು ಅವಳು ಬೇರೆಯಾಗಿ ಹೆಸರಿಸುತ್ತಾಳೆ. ಹಾಗಾದರೆ 843ರಲ್ಲಿ ಅವನು ಬದುಕಿದ್ದ ಎಂದು ಅವಳು ತಿಳಿದಿದ್ದಳು. ಹದಿಮೂರು ವರ್ಷಗಳ ಕತ್ತಲೆಯ ಬಗ್ಗೆ ಉಳಿದಿರುವ ಸುಳಿವು ಇದು.

ಎರಡು ದಾಖಲೆಗಳನ್ನು ಹೆಣೆಯುವುದಕ್ಕೂ ಇಲ್ಲಿ ಒಳ್ಳೆಯ ಉದಾಹರಣೆಯಿದೆ. ಫಾಂತೆನ್ವಾ ಕದನದ ದಿನ ಬರ್ನಾರ್ಡ್ ಮೂರು ಲೀಗ್ ದೂರದಲ್ಲಿದ್ದರೂ ಯಾವ ಪಕ್ಷಕ್ಕೂ ನೆರವಾಗಲಿಲ್ಲ, ಚಾರ್ಲ್ಸ್ ಗೆದ್ದನೆಂದು ಗೊತ್ತಾದ ಮೇಲೆ ಮಗ ವಿಲಿಯಮನನ್ನು ಅವನ ಬಳಿಗೆ ಕಳುಹಿಸಿ, ಬರ್ಗಂಡಿಯಲ್ಲಿ ನಿನಗಿದ್ದ ಹೊನೋರೆಸ್ ಕೊಡುವುದಾದರೆ ಸೇವೆಗೆ ಸೇರು ಎಂದ ಎಂದು ನಿಥಾರ್ಡ್ ಬರೆಯುತ್ತಾನೆ. ಹದಿನಾಲ್ಕರ ಹುಡುಗನಿಗೆ ಬರ್ಗಂಡಿಯಲ್ಲಿ ಹಕ್ಕು ಎಲ್ಲಿಂದ ಬಂತು? ನಿಥಾರ್ಡ್ ಹೇಳುವುದಿಲ್ಲ. ದುವೋಡಾ ಬೇರೆ ಸಂದರ್ಭದಲ್ಲಿ, ದೀಕ್ಷಾಸ್ನಾನದಲ್ಲಿ ನಿನ್ನನ್ನು ಎತ್ತಿಕೊಂಡ ಧರ್ಮಪಿತ ಥಿಯೋಡೆರಿಕ್ ತನ್ನದನ್ನು ನಿನಗೆ ಬಿಟ್ಟುಹೋದ, ಅವನಿಗಾಗಿ ಪ್ರಾರ್ಥಿಸು ಎನ್ನುತ್ತಾಳೆ. ಬರ್ಗಂಡಿಯ ಹಕ್ಕಿನ ಬೇರು ಈ ಬಳುವಳಿಯಲ್ಲಿ ಇರಬಹುದು. ಇರಬಹುದು ಎಂದೇ ಬರೆಯಿರಿ. ಎರಡೂ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಓದುಗರೇ ತೂಗಿಕೊಳ್ಳುತ್ತಾರೆ.

ಸಾವನ್ನು ಬರೆಯುವಾಗ

844ರಲ್ಲಿ ಬರ್ನಾರ್ಡ್ ಸತ್ತ. ಪಶ್ಚಿಮದ ಚಾರ್ಲ್ಸನ ರಾಜ್ಯದಲ್ಲಿ ಬರೆದ ವಾರ್ಷಿಕ ವೃತ್ತಾಂತದ ಪ್ರಕಾರ, ಬಹುಕಾಲದಿಂದ ಅತಿಯಾಸೆಯ ಯೋಜನೆ ಹೂಡುತ್ತಿದ್ದ ಬರ್ನಾರ್ಡನನ್ನು ಫ್ರಾಂಕರ ತೀರ್ಪಿನಂತೆ ರಾಜದ್ರೋಹಿ ಎಂದು ಕಂಡು ಅಕ್ವಿಟೇನ್‌ನಲ್ಲಿ ವಧಿಸಲಾಯಿತು. ಪೂರ್ವದಲ್ಲಿ, ಚಾರ್ಲ್ಸನ ಅಣ್ಣ ಜರ್ಮನ್ ಲೂಯಿಯ ರಾಜ್ಯದ ಫುಲ್ಡಾ ವೃತ್ತಾಂತದ ಪ್ರಕಾರ, ಯಾವ ಕೇಡನ್ನೂ ಶಂಕಿಸದೆ ಎಚ್ಚರ ತಪ್ಪಿದ್ದ ಅವನನ್ನು ಚಾರ್ಲ್ಸ್ ಕೊಂದ. ಒಂದರಲ್ಲಿ ವಿಚಾರಣೆಯಿದೆ, ಇನ್ನೊಂದರಲ್ಲಿ ವಂಚನೆಯಿದೆ. ಎರಡನ್ನೂ ಬೆರೆಸಿ ನಡುವಣ ಒಂದು ಕಥೆಯನ್ನು ಮಾಡಬೇಡಿ. ಎರಡನ್ನೂ ಕೊಟ್ಟು, ಯಾವುದು ಯಾವ ರಾಜ್ಯದಲ್ಲಿ ಬರೆದದ್ದು ಎಂದು ಹೇಳಿ. ಎರಡೂ ಒಪ್ಪುವ ಅಂಶ, ಅಂದರೆ ಆರನೆಯ ವಯಸ್ಸಿನಲ್ಲಿ ತನ್ನನ್ನು ಪಾಲಿಸಲು ನೇಮಕವಾಗಿದ್ದವನನ್ನು ಚಾರ್ಲ್ಸ್ ಕೊಲ್ಲಿಸಿದ ಎಂಬುದು, ತಾನಾಗಿ ಎದ್ದು ಕಾಣುತ್ತದೆ. ಚಾರ್ಲ್ಸ್ ತುಲೂಸಿನಲ್ಲಿ ತನ್ನ ಕೈಯಿಂದಲೇ ಅವನನ್ನು ಇರಿದನೆಂಬ ರೋಮಾಂಚಕ ವರ್ಣನೆ ನಿಮಗೆ ಅಲ್ಲಲ್ಲಿ ಸಿಗುತ್ತದೆ. ಅದು ಬಹಳ ತಡವಾಗಿ ಹುಟ್ಟಿದ್ದು, ವಿದ್ವಾಂಸರು ಕೃತಕವೆಂದು ತಳ್ಳಿಹಾಕಿದ್ದು.

ಮಗ ವಿಲಿಯಮನ ಕಥೆ ಬೇಗ ಮುಗಿಯುತ್ತದೆ. ತಂದೆಯ ಸಾವಿನ ನಂತರ ಚಾರ್ಲ್ಸನ ಎದುರಾಳಿಗಳ ಜೊತೆ ಸೇರಿ, 848ರಲ್ಲಿ ಉಪಾಯದಿಂದ ಬಾರ್ಸಿಲೋನಾವನ್ನು ವಶಮಾಡಿಕೊಂಡ. 850ರಲ್ಲಿ ಅದಕ್ಕಿಂತ ದೊಡ್ಡ ಉಪಾಯಕ್ಕೆ ಸಿಕ್ಕಿ ಅಲ್ಲಿಯೇ ಕೊಲೆಯಾದ. ಆಗ ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ.

ಕೊನೆಗೆ ವಂಶವೃಕ್ಷವನ್ನು ಬರೆಯುವಾಗ ಎರಡನೆಯ ಮಗನ ಜಾಗದಲ್ಲಿ ಕೈ ತಡೆಯಿರಿ. ಅವನು 841ರ ಮಾರ್ಚ್ 22ರಂದು ಹುಟ್ಟಿದ. ದೀಕ್ಷಾಸ್ನಾನಕ್ಕೂ ಮೊದಲೇ ಬರ್ನಾರ್ಡ್ ಉಜೆಸ್‌ನ ಬಿಷಪ್ ಎಲೆಫಾಂಟುಸ್ ಮತ್ತಿತರರ ಮೂಲಕ ಆ ಕೂಸನ್ನು ತನ್ನ ಬಳಿಗೆ ಅಕ್ವಿಟೇನ್‌ಗೆ ತರಿಸಿಕೊಂಡ. ಮಗುವಿಗೆ ಏನು ಹೆಸರಿಟ್ಟರೆಂಬುದು ತನಗೆ ಇನ್ನೂ ತಿಳಿದಿಲ್ಲ ಎಂದು ದುವೋಡಾ ಬರೆಯುತ್ತಾಳೆ; ಹಿರಿಯವನಿಗೆ, ನಿನ್ನ ತಮ್ಮನಿಗೂ ಈ ಪುಸ್ತಕವನ್ನು ಓದಿಸು ಎನ್ನುತ್ತಾಳೆ. ಅಂಗಾಲಲ್ಲಿ ಕೂದಲಿದ್ದವನೆಂಬ ಆ ಓವರ್ನ್‌ನ ಬರ್ನಾರ್ಡನೇ ಈ ಕೂಸು ಎಂದು ಹಲವು ಇತಿಹಾಸಕಾರರು ಒಪ್ಪುತ್ತಾರೆ. ಹಾಗಿದ್ದರೆ 910ರ ಸುಮಾರಿಗೆ ಕ್ಲೂನಿ ಮಠವನ್ನು ಸ್ಥಾಪಿಸಿದ ವಿಲಿಯಂ ದುವೋಡಾಳ ಮೊಮ್ಮಗನಾಗುತ್ತಾನೆ. ಆ ಗುರುತನ್ನು ಚುಕ್ಕಿಗೆರೆಯಿಂದ ಸೂಚಿಸಿ, ಅದರ ಪಕ್ಕದಲ್ಲಿ ಕಾರಣವನ್ನು ಬರೆಯಿರಿ. ತಾಯಿಯ ಪುಸ್ತಕದಿಂದ ತುಂಬಿಸುವ ಸಾಲಿನಲ್ಲಿ ಮಾತ್ರ ಹುಟ್ಟಿದ ದಿನವನ್ನೂ ಊರನ್ನೂ ಬರೆದು, ಹೆಸರಿನ ಜಾಗವನ್ನು ಅವಳು ಬಿಟ್ಟಂತೆಯೇ ಖಾಲಿ ಬಿಡಿ.